ಲಿಫ್ಟ್ ಮುಕ್ತ

ಸಾರಿಗೆ ಇಲಾಖೆಯ ಪ್ರಕಟಣೆ ವಿಭಾಗದಲ್ಲಿ ಕೆಲಸಕ್ಕಿದ್ದ ಅವಳನ್ನು ಅವಳಿದ್ದ ಕಟ್ಟಡದವರೆಲ್ಲ 'ಪ್ರಗತಿ' ಎಂದೇ ಕರೆಯುತ್ತಿದ್ದರು. ಹಾಗೆ ಹೆಸರು ಬೀಳಲು ಕಾರಣ ಅವಳ ಮಗಳೇ. "ಹೋಂವರ್ಕ್ ಮುಗೀತೇನೇ?" ಎಂದು ಅಡುಗೆಮನೆಯಿಂದ ಕೂಗಿದರೆ ಆ ಹುಡುಗಿ ಮಂಚದ ಮೇಲೆ ಕಾಲು ಚಾಚಿಕೊಂಡೇ "ಪ್ರಗತಿಯಲ್ಲಿದೆ" ಎನ್ನುತ್ತಿದ್ದಳು. "ಹಲ್ಲುಜ್ಜಿದ್ಯಾ?" ಎಂದರೆ "ಪರಿಶೀಲನೆಯಲ್ಲಿದೆ". ಇದು ಮೆಟ್ಟಿಲಿಳಿದು ಕೆಳಗಿನ ಮನೆಗೆ ಹೋಯಿತು, ಅಲ್ಲಿಂದ ನಾಲ್ಕೂ ಮಹಡಿಗೆ ಹಬ್ಬಿತು.

ತಮಾಷೆಯಲ್ಲಿ ಸುಳ್ಳೇನೂ ಇರಲಿಲ್ಲ. ಪ್ರತಿ ಶುಕ್ರವಾರ 'ಈ ವಾರದ ಸೇವಾ ಮಾಹಿತಿ' ಸಿದ್ಧಪಡಿಸುವುದು ಅವಳ ಕೆಲಸ. ಯಾವ ರಸ್ತೆ ಅಗೆದಿದ್ದಾರೆ, ಯಾವ ಬಸ್ಸು ದಾರಿ ಬದಲಿಸಿದೆ, ಯಾವ ನಿಲ್ದಾಣದ ನಲ್ಲಿಗೆ ನೀರು ಬಂತು ಎಂದು ಒಂದೊಂದು ವಿಭಾಗದವರೂ ಕಳಿಸುತ್ತಿದ್ದ ವರದಿಗಳು ಸಿಕ್ಕುಬಿದ್ದ ನೂಲಿನ ಉಂಡೆಯ ಹಾಗಿರುತ್ತಿದ್ದವು. ಅದನ್ನು ಬಿಡಿಸಿ, ಸಾಲು ಮಾಡಿ, ಇಲಾಖೆಯ ವೆಬ್‌ಸೈಟಿಗೂ ನಿಲ್ದಾಣಗಳಲ್ಲಿ ಓಡುವ ಕೆಂಪಕ್ಷರದ ಬೋರ್ಡುಗಳಿಗೂ ಅವಳು ಏರಿಸಬೇಕಿತ್ತು. 'ಆಗಿಲ್ಲ' ಎಂಬ ಮಾತು ಅಲ್ಲಿ ನಡೆಯುತ್ತಿರಲಿಲ್ಲ. ಕೆಲಸ ಶುರುವೇ ಆಗದಿದ್ದರೆ ಪರಿಶೀಲನೆಯಲ್ಲಿದೆ. ಶುರುವಾಗಿ ನಿಂತಿದ್ದರೆ ಪ್ರಗತಿಯಲ್ಲಿದೆ. ನಿಂತದ್ದು ಊರಿಗೆಲ್ಲ ಗೊತ್ತಾಗಿಬಿಟ್ಟರೆ ಮುಕ್ತಾಯ ಹಂತದಲ್ಲಿದೆ.

ಈ ಮಾಹಿತಿಯನ್ನು ತಪ್ಪದೆ ಓದುತ್ತಿದ್ದವಳು ನೆಲಮಹಡಿಯ ಟೈಲರ್ ಅಕ್ಕ. ಅವಳು ಓದುತ್ತಿದ್ದದ್ದು ಒಂದೇ ಸಾಲು, ರೈಲು ನಿಲ್ದಾಣದ ಲಿಫ್ಟಿನದು. ಹುಟ್ಟಿದಾಗಿನಿಂದ ಅವಳಿಗೆ ಕಾಲಿನಲ್ಲಿ ಬಲವಿರಲಿಲ್ಲ. ಪರಿಚಯದ ವೆಲ್ಡಿಂಗ್‌ನವನು ಮಾಡಿಕೊಟ್ಟ ಗಾಲಿ ಕುರ್ಚಿಯಲ್ಲಿ ಕೂತು, ಮೋಟಾರು ಹಾಕಿಸಿದ ಮಿಷನ್ನಿನ ಪೆಡಲನ್ನು ಮೇಜಿನ ಮೇಲಿಟ್ಟು ಮೊಣಕೈಯಲ್ಲಿ ಒತ್ತಿಕೊಂಡು ಹೊಲಿಯುತ್ತಿದ್ದಳು. ಪ್ರಗತಿಯ ಗಂಡ ದೂರದ ಊರುಗಳಿಗೆ ಲಾರಿ ಓಡಿಸುತ್ತಿದ್ದುದರಿಂದ ಶಾಲೆ ಬಿಟ್ಟ ಮೇಲೆ ಮಗಳು ಇರುತ್ತಿದ್ದದ್ದು ಈ ಅಕ್ಕನ ಬಳಿಯೇ. ದೊಡ್ಡಮ್ಮ ಎನ್ನುತ್ತಿದ್ದಳು. ತುಂಡು ಬಟ್ಟೆ, ಗುಂಡಿ ಡಬ್ಬ, ಹಾಳುಹರಟೆ, ಎಲ್ಲದರಲ್ಲೂ ಇಬ್ಬರಿಗೂ ಸಮಪಾಲು.

ಅಕ್ಕನ ತಂಗಿಯ ಮನೆ ರೈಲು ಹಳಿಯ ಆಚೆ. ಮೊದಲು ಗೇಟಿತ್ತು, ಗೇಟು ತೆರೆದಾಗ ಅಕ್ಕ ಕುರ್ಚಿ ತಳ್ಳಿಕೊಂಡು ದಾಟುತ್ತಿದ್ದಳು. ಗೇಟು ಮುಚ್ಚಿ ನಿಲ್ದಾಣಕ್ಕೆ ಸೇರಿಸಿ ಮೇಲ್ಸೇತುವೆ ಕಟ್ಟಿದರು. ಸೇತುವೆಗೆ ಮೆಟ್ಟಿಲು ಬಂತು, ಲಿಫ್ಟ್ ಬರಲಿಲ್ಲ. ಸುತ್ತಿ ಹೋಗುವ ದಾರಿ ಲಾರಿಗಳದ್ದು; ಬಾಡಿಗೆ ಗಾಡಿಯವರು ಮಡಚಲು ಬಾರದ ಆ ಕುರ್ಚಿ ನೋಡಿ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. "ಎತ್ತಿಕೊಂಡು ದಾಟಿಸ್ತೀವಿ ಬನ್ನಿ" ಎಂದು ನಿಲ್ದಾಣದ ಹಮಾಲಿಗಳು ಕರೆದಿದ್ದರು. ಅಕ್ಕ ಒಪ್ಪಿರಲಿಲ್ಲ. "ಚಿಕ್ಕವಳಿದ್ದಾಗ ಎಲ್ಲರೂ ಎತ್ತಿ ಎತ್ತಿ ಸಾಕಾಗಿದೆ ಕಣೇ. ಈಗ ಬಟ್ಟೆ ಕೊಡೋಕೆ ಬಂದವರು ಬಗ್ಗಿ ಮಾತಾಡ್ತಾರೆ, ನಾನು ಕೂತೇ ಬೈತೀನಿ. ಅಷ್ಟು ಗೌರವ ಇಟ್ಕೊಂಡಿದೀನಿ."

ಆ ವಾರ ತಂಗಿಯ ಮಗಳ ಶಾಲೆಯಲ್ಲಿ ಶನಿವಾರಕ್ಕೆ ಮಕ್ಕಳ ನಾಟಕವಿತ್ತು. ನರಿ, ಕರಡಿ, ಗೂಬೆ, ಎಲ್ಲದರ ಉಡುಪೂ ಅಕ್ಕನದೇ. ತಂಗಿ ಬಂದು ಗಂಟು ಕಟ್ಟಿಕೊಂಡು ಹೋಗಿದ್ದಳು. "ನೋಡು, ನಾನು ಹೊಲಿದ ನರಿ ಬಾಲ ಸೇತುವೆ ದಾಟುತ್ತೆ, ನಾನು ದಾಟಲ್ಲ" ಎಂದು ಅಕ್ಕ ನಕ್ಕಿದ್ದಳು. ಆಮೇಲೆ ನಗು ನಿಲ್ಲಿಸಿ, "ಅಲ್ವೇ ಪ್ರಗತಿ, ನಿನ್ನ ಮುಕ್ತಾಯ ಹಂತ ಯಾವಾಗ ಮುಕ್ತಾಯ ಆಗೋದು? ಆಗಿದ್ದಿದ್ರೆ ನಿನ್ನ ಮಗಳನ್ನೂ ಕರ್ಕೊಂಡು ನಾಟಕಕ್ಕೆ ಹೋಗ್ತಿದ್ದೆ" ಎಂದು ಕೇಳಿದ್ದಳು.

ಶುಕ್ರವಾರ ಮಧ್ಯಾಹ್ನದ ಮೇಲೆ ಉಪನಿರ್ದೇಶಕರು ಕರಡು ಓದುತ್ತಾ ಕನ್ನಡಕ ಹಣೆಗೇರಿಸಿದರು.

"ಏನ್ರೀ ಇದು, ಲಿಫ್ಟ್ ಕಾಮಗಾರಿ ಮುಕ್ತಾಯ ಹಂತದಲ್ಲಿದೆ, ಮುಕ್ತಾಯ ಹಂತದಲ್ಲಿದೆ! ಅಜ್ಜಿ ಕತೆ ಆಯ್ತು. ಮೇಲಿನವರು ಬೋರ್ಡಿನ ಫೋಟೋ ತೆಗೆದು ಕಳಿಸ್ತಿದಾರೆ. ಅದೂ ಬೋರ್ಡಲ್ಲಿ ಹಿಡಿಯಲ್ಲ. 'ಮುಕ್ತಾಯ ಹಂ' ಅಂತ ಬಂದು ನಿಂತ್ಕೊಳ್ಳುತ್ತೆ. ಜನ ಹೂಂ ಅಂತಾರೆ. ಬಾಲ ಕತ್ತರಿಸಿ."

ಪ್ರಗತಿ ಇಂಜಿನಿಯರಿಗೆ ಫೋನ್ ಮಾಡಿದಳು.

"ಸರ್, ಲಿಫ್ಟ್ ಮುಗೀತಾ?"

"ಮುಗಿದ ಹಾಗೇ ಮೇಡಂ."

"ಮುಗಿದ ಹಾಗೇ ಅಂದ್ರೆ?"

"ಅಂದ್ರೆ ಮುಗಿದ ಹಾಗೇ." ಆಚೆ ಯಾರೋ ಕಬ್ಬಿಣ ಬಡಿಯುತ್ತಿದ್ದರು. ಫೋನ್ ಕಟ್ಟಾಯಿತು.

ಮತ್ತೊಮ್ಮೆ ಮಾಡಬಹುದಿತ್ತು. ಮೋಟಾರು ಬಂದಿದೆಯಾ, ಬಾಗಿಲು ತೆರೆಯುತ್ತಾ ಎಂದು ಕೇಳಬಹುದಿತ್ತು. ಆದರೆ ಮನೆಯಲ್ಲಿ ಬಟ್ಟೆ ನೆನೆಹಾಕಿ ಬಂದಿದ್ದಳು, ಮಗಳ ಬೂಟು ಬಾಯಿ ಬಿಟ್ಟಿತ್ತು, ಬಸ್ಸು ತಪ್ಪಿದರೆ ಮುಂದಿನದರಲ್ಲಿ ನಿಲ್ಲಲೂ ಜಾಗವಿರುತ್ತಿರಲಿಲ್ಲ. 'ಕಾಮಗಾರಿ' ಅಳಿಸಿದಳು. 'ಹಂತದಲ್ಲಿದೆ' ಅಳಿಸಿದಳು. 'ಲಿಫ್ಟ್ ಮುಕ್ತಾಯ' ಉಳಿಯಿತು. ಅದಕ್ಕೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಅವಳ ಬೆರಳು ಇನ್ನೆರಡು ಸಲ ಒತ್ತಿತು. 'ಲಿಫ್ಟ್ ಮುಕ್ತ'.

ಅಳಿಸಿದ್ದು ಒಂದು ಅಕ್ಷರ, ಅದರ ಹಿಂದಿನ ಅಕ್ಷರದ ದೀರ್ಘ, ಅಷ್ಟೇ. ಮುಗಿಯಿತು ಎನ್ನುವುದು ತೆರೆಯಿತು ಎಂದಾಗಿತ್ತು. ಹಾಗಾದದ್ದು ಅವಳಿಗೆ ಕಾಣಲಿಲ್ಲವೆಂದಲ್ಲ. ಪರದೆಯ ಮೇಲೆ ಕರ್ಸರು ಮಿಣುಕುತ್ತಿದ್ದಷ್ಟು ಹೊತ್ತು ಕಾಣುತ್ತಲೇ ಇತ್ತು.

"ಹಾಂ! ಮುತ್ತಿನಂಥ ಮಾತು" ಎಂದರು ಉಪನಿರ್ದೇಶಕರು. ಪ್ರಗತಿ ಏರಿಸಿ, ಕಂಪ್ಯೂಟರು ಆರಿಸಿ, ಬಸ್ಸಿಗೆ ಓಡಿದಳು.

ಸಂಜೆ ಮಗಳನ್ನು ಕರೆದುಕೊಳ್ಳಲು ಹೋದಾಗ ಅಕ್ಕ ದಾರ ಕಡಿಯುತ್ತಾ ಕೇಳಿದಳು: "ಏನೇ ಸಮಾಚಾರ ಈ ವಾರ?"

ಹೇಳಲು ಬಾಗಿಲಷ್ಟೇ ದೂರವಿತ್ತು. 'ಅಕ್ಕ, ಆ ಸಾಲು ನಂಬಬೇಡಿ' ಎಂದರೆ ಸಾಕಿತ್ತು. ಆದರೆ ಹಾಗೆನ್ನಬೇಕಾದರೆ ಏಕೆ ಹಾಗೆ ಬರೆದೆ ಎನ್ನುವುದನ್ನೂ ಹೇಳಬೇಕಿತ್ತು.

"ಇದ್ದಿದ್ದೇ ಅಕ್ಕ. ತುಂಬ ಸುಸ್ತು" ಎಂದು ಮಗಳ ಚೀಲ ಎತ್ತಿಕೊಂಡಳು.

ಮರುದಿನ ಶನಿವಾರವಾದರೂ ಕಚೇರಿಯಲ್ಲಿ ತರಬೇತಿಯಿತ್ತು. ಅಲ್ಲಿ ಫೋನ್ ಮುಟ್ಟಲು ಬಿಡಲಿಲ್ಲ. ಸಂಜೆ ಬಂದಾಗ ಅಕ್ಕನ ಬಾಗಿಲು ಮುಚ್ಚಿತ್ತು, ಒಳಗೆ ಮಿಷನ್ನಿನ ಸದ್ದಿರಲಿಲ್ಲ. ಮೇಲೆ, ತಮ್ಮ ಮನೆಯ ಹೊಸ್ತಿಲ ಮೇಲೆ ಮಗಳು ಹೊಸ ಫ್ರಾಕಿನಲ್ಲಿ ಕೂತಿದ್ದಳು. ಫ್ರಾಕಿನ ತುಂಬ ಸಿಮೆಂಟಿನ ಧೂಳು.

"ನಾಟಕಕ್ಕೆ ಹೋಗಿದ್ರಾ?" ಪ್ರಗತಿ ಕೇಳಿದಳು.

"ಹೋಗಲಿಲ್ಲ."

ಹುಡುಗಿ ತುಂಡು ತುಂಡಾಗಿ ಹೇಳಿದಳು. ಬೆಳಿಗ್ಗೆ ದೊಡ್ಡಮ್ಮ ಫೋನಿನಲ್ಲಿ ಆ ಸಾಲು ಓದಿ ಕುರ್ಚಿಯಲ್ಲೇ ಕುಣಿದರಂತೆ. ಹೊಸ ಬಟ್ಟೆ ಹಾಕಿ, ಕುರ್ಚಿ ಒರೆಸಿ, ಇಬ್ಬರೂ ಹೊರಟರಂತೆ. ಲಿಫ್ಟಿನ ಬಾಗಿಲಿಗೆ ಅಡ್ಡ ಹಲಗೆ ಹೊಡೆದಿತ್ತು, ಮುಂದೆ ಸಿಮೆಂಟಿನ ಚೀಲಗಳಿದ್ದವು. ಮೇಲೆ ಬೋರ್ಡಿನಲ್ಲಿ ಮಾತ್ರ ಲಿಫ್ಟ್ ಮುಕ್ತ, ಲಿಫ್ಟ್ ಮುಕ್ತ ಎಂದು ಓಡುತ್ತಿತ್ತು.

"ಜನ ನಗ್ತಿದ್ರು ಅಮ್ಮ. ಒಬ್ಬರು, 'ಹೌದಮ್ಮ, ಲಿಫ್ಟಿಗೆ ಮುಕ್ತಿ ಸಿಕ್ಕಿದೆ' ಅಂದ್ರು. ನಂಗೆ ಸಿಟ್ಟು ಬಂತು. ಇದನ್ನ ಬರೆದಿದ್ದು ನಮ್ಮಮ್ಮ, ನಮ್ಮಮ್ಮ ಸುಳ್ಳು ಬರೆಯಲ್ಲ ಅಂದೆ. ಇನ್ನೊಂದು ಕಡೆ ಬಾಗಿಲು ಇರುತ್ತೆ, ಇರಿ ದೊಡ್ಡಮ್ಮ ಅಂತ ಹುಡುಕೋಕೆ ಹೋದೆ. ಚೀಲ ಹತ್ತಿ ಹಿಂದೆಲ್ಲ ನೋಡಿದೆ." ಅವಳು ಫ್ರಾಕಿನ ಧೂಳು ಕೊಡವಿದಳು. "ಇರಲಿಲ್ಲ."

ಪ್ರಗತಿ ಚಪ್ಪಲಿ ಬಿಡುವುದನ್ನೂ ಮರೆತು ನಿಂತಿದ್ದಳು.

"ಆಮೇಲೆ ಹಮಾಲಿಗಳು ಬಂದ್ರು. ನಾಟಕಕ್ಕೆ ಹೊತ್ತಾಗ್ತಿದೆ ಅಂತ ದೊಡ್ಡಮ್ಮ ಆಯ್ತು ಅಂದ್ರು. ಅವರು ಎತ್ತಿದಾಗ ಬಟ್ಟೆ ಮೇಲೆ ಸರೀತು. ದೊಡ್ಡಮ್ಮ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡ್ರು. ಅದಕ್ಕೆ ಅವರ ಕುತ್ತಿಗೆ ಹಿಡ್ಕೊಳ್ಳೋಕೆ ಆಗಲಿಲ್ಲ, ಜಾರಿದ್ರು. ಹಮಾಲಿ ಒಬ್ಬರು, 'ಹೆದರಬೇಡಿ, ನಮ್ಮ ಮೂಟೆಗಿಂತ ಹಗುರ ಇದೀರಿ' ಅಂದ್ರು. ಅರ್ಧ ಹತ್ತಿದ ಮೇಲೆ ದೊಡ್ಡಮ್ಮ, ಇಳಿಸಿ, ನಾನು ಬರಲ್ಲ ಅಂದ್ರು. ಮೆಟ್ಟಿಲ ಮೇಲೆ ಕೂರಿಸಿದ್ರು. ಎಲ್ಲರೂ ಪಕ್ಕದಲ್ಲೇ ದಾಟ್ಕೊಂಡು ಹೋಗ್ತಿದ್ರು."

"ದೊಡ್ಡಮ್ಮ ಅತ್ರಾ?"

"ಇಲ್ಲ. ನನ್ನ ಕೂದಲು ಸರಿ ಮಾಡಿದ್ರು."

ಪ್ರಗತಿ ಕೆಳಗಿಳಿದು ಬಾಗಿಲು ತಟ್ಟಿದಳು. ಅಕ್ಕ ಹೊಸ ಬಟ್ಟೆ ಬಿಚ್ಚಿ ಹಳೆಯದನ್ನು ಹಾಕಿಕೊಂಡು ಕಿಟಕಿಯ ಬಳಿ ಕೂತಿದ್ದಳು. ಮಿಷನ್ನಿಗೆ ಹೊದಿಕೆ ಹಾಕಿತ್ತು.

"ಬಾರೇ" ಎಂದಳು, ಎಂದಿನ ದನಿಯಲ್ಲೇ. "ನಿನ್ನ ಮಗಳು ಪಾಪ, ನಿನ್ನ ಪರವಾಗಿ ವಾದ ಮಾಡಿದ್ದೇ ಮಾಡಿದ್ದು. ದೊಡ್ಡ ವಕೀಲೆ ಆಗ್ತಾಳೆ. ನೀನು ಮುಖ ಹಾಗೆ ಮಾಡ್ಕೋಬೇಡ. ನೀನು ಸರಿಯಾಗೇ ಬರೆದಿರ್ತೀಯ, ಮೇಲಿನವರು ಕತ್ತರಿ ಹಾಕಿರ್ತಾರೆ. ನಂಗೊತ್ತಿಲ್ವಾ ನಿಮ್ಮ ಇಲಾಖೆ?"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಹೂಂ ಎಂದುಬಿಟ್ಟರೆ ಎಲ್ಲ ಇಲ್ಲಿಗೇ ಮುಗಿದುಹೋಗುತ್ತಿತ್ತು. ತಪ್ಪಿಸಿಕೊಳ್ಳಲು ಅಕ್ಕನೇ ಬಾಗಿಲು ತೆರೆದುಕೊಟ್ಟಿದ್ದಳು. ಪ್ರಗತಿಯ ನಾಲಿಗೆಯ ತುದಿಗೆ ಹೂಂ ಬಂದೂ ಬಂತು. ಆದರೆ ಕಣ್ಣು ಅಕ್ಕನ ಕುರ್ಚಿಯ ಗಾಲಿಯ ಮೇಲೆ ಬಿತ್ತು. ಒರೆಸಿ ಹೊಳೆಸಿದ್ದ ಕಡ್ಡಿಗಳ ನಡುವೆ ಸಿಮೆಂಟು ಮೆತ್ತಿಕೊಂಡಿತ್ತು.

"ಕತ್ತರಿ ಹಾಕಿದ್ದು ನಾನೇ ಅಕ್ಕ."

ಅಕ್ಕ ತಿರುಗಿ ನೋಡಿದಳು. "ಗೊತ್ತಿಲ್ದೆ ತಾನೆ?"

"ಗೊತ್ತಿತ್ತು. ತೆರೆದಿಲ್ಲ ಅಂತ ಪೂರ್ತಿ ಗೊತ್ತಿರಲಿಲ್ಲ. ತೆರೆದಿದೆ ಅಂತ ಗೊತ್ತಿಲ್ಲ ಅನ್ನೋದು ಗೊತ್ತಿತ್ತು."

"ನಿನ್ನೆ ಸಂಜೆ ಇಲ್ಲೇ ನಿಂತು, ಇದ್ದಿದ್ದೇ ಅಂದೆ."

"ಅಂದೆ."

ಅಕ್ಕ ತೊಡೆಯ ಮೇಲಿನ ಬಟ್ಟೆಯನ್ನು ಅಂಗೈಯಲ್ಲಿ ಮತ್ತೆ ಮತ್ತೆ ಕೆಳಕ್ಕೆ ಸವರಿಕೊಂಡಳು, ಈಗಲೂ ಯಾರೋ ಎತ್ತಿಕೊಂಡಿದ್ದಾರೇನೋ ಎಂಬಂತೆ.

"ಮಗು ಬರಲಿ. ಎಂದಿನ ಹಾಗೇ ಬರಲಿ" ಎಂದಳು ಕೊನೆಗೆ. "ನೀನು ಒಳಗೆ ಬರಬೇಡ."

ಬೋರ್ಡಿನ ಸಾಲು ಬದಲಿಸಲು ಕಚೇರಿಗೇ ಹೋಗಬೇಕಿತ್ತು. ಭಾನುವಾರ ಇಡೀ ಆ ಎರಡು ಪದ ಅಲ್ಲಿ ಓಡುತ್ತಲೇ ಇದ್ದವು. ರೈಲಿನ ಸದ್ದು ಕೇಳಿದಾಗಲೆಲ್ಲ ಪ್ರಗತಿಯ ಕಿವಿ ಬಿಸಿಯಾಗುತ್ತಿತ್ತು. ಮಗಳು ಅಂದು ಒಂದು ತಮಾಷೆಯನ್ನೂ ಮಾಡಲಿಲ್ಲ. ಊಟ ಆಯ್ತಾ ಎಂದರೆ, ಆಯ್ತು ಎಂದಳು.

ಸೋಮವಾರ ಇಂಜಿನಿಯರಿಗೆ ಫೋನ್ ಮಾಡಿ, ಅವನು ಕಟ್ ಮಾಡಿದ ಹಾಗೆಲ್ಲ ಮತ್ತೆ ಮಾಡಿ, ಮೋಟಾರೇ ಬಂದಿಲ್ಲ ಎಂಬುದನ್ನು ಅವನ ಬಾಯಿಂದ ಹೊರಡಿಸಿದಳು. ಆಮೇಲೆ ಬರೆದು, ಉಪನಿರ್ದೇಶಕರ ಮುಂದಿಟ್ಟಳು: 'ಲಿಫ್ಟ್ ಮುಚ್ಚಿದೆ. ಯಾವಾಗ ತೆರೆಯುತ್ತದೆಂದು ಗೊತ್ತಿಲ್ಲ. ಮುಕ್ತ ಎಂದು ಬರೆದದ್ದು ತಪ್ಪು.'

"ಮುಚ್ಚಿದೆ ಅಂತ ಇಲಾಖೆ ಬರೆಯುತ್ತೇನ್ರೀ?"

"ಮುಚ್ಚಿದೆ ಸರ್."

"ಗೊತ್ತಿಲ್ಲ ಅಂತೆ! ನಮಗೆ ಗೊತ್ತಿಲ್ಲ ಅಂದ್ರೆ ಇನ್ಯಾರಿಗೆ ಗೊತ್ತಿರಬೇಕು?"

"ಯಾರಿಗೂ ಗೊತ್ತಿಲ್ಲ ಸರ್. ಕೇಳಿದೆ."

ಅವರು ಕನ್ನಡಕವನ್ನು ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿದರು. "ನಾನು ಇದನ್ನ ನೋಡಿಲ್ಲ. ಹಾಕೋದಾದ್ರೆ ಹಾಕಿ. ಮೇಲಿಂದ ನೋಟಿಸ್ ಬಂದ್ರೆ ನಿಮ್ಮ ತಲೆಗೇ."

ಹಾಕಿದಳು. ಎದೆ ಹಗುರಾಗುತ್ತದೆಂದುಕೊಂಡಿದ್ದಳು, ಆಗಲಿಲ್ಲ. ಶುಕ್ರವಾರ ಬಾಗಿಲಲ್ಲಿ ನಿಂತು ಒಂದು ಮಾತಿನಲ್ಲಿ ಆಗುತ್ತಿದ್ದ ಕೆಲಸ ಇದು. ಈಗ ಊರಿಗೆಲ್ಲ ಹೇಳಿದರೂ ಯಾವ ಮೆಟ್ಟಿಲೂ ಕೆಳಗಿಳಿಯುವುದಿಲ್ಲ, ಯಾವ ನಾಟಕವೂ ಇನ್ನೊಮ್ಮೆ ಶುರುವಾಗುವುದಿಲ್ಲ.

ಸಂಜೆ ಅಕ್ಕನ ಹೊಸ್ತಿಲಾಚೆಯೇ ನಿಂತು ಮಗಳನ್ನು ಕರೆದಳು. ಒಳಗೆ ಮಿಷನ್ ಓಡುತ್ತಿತ್ತು. ಹುಡುಗಿ ಚೀಲ ಹೆಗಲಿಗೇರಿಸಿಕೊಂಡು ಬಂದು, ಬೂಟು ಹಾಕಿಕೊಳ್ಳುತ್ತಾ ಸಣ್ಣ ದನಿಯಲ್ಲಿ ಹೇಳಿದಳು:

"ದೊಡ್ಡಮ್ಮ ಫೋನಲ್ಲಿ ಓದಿದ್ರು. ಮುಚ್ಚಿದೆ, ಗೊತ್ತಿಲ್ಲ, ತಪ್ಪು ಅಂತೆಲ್ಲ ಇದೆಯಲ್ಲ, ಅದು. ಇದನ್ನ ಯಾರೇ ಬರೆದಿದ್ದು ಅಂತ ನನ್ನ ಕೇಳಿದ್ರು."

"ನೀನು ಏನಂದೆ?"

ಮಗಳು ಬೂಟಿನ ದಾರವನ್ನೇ ನೋಡುತ್ತಿದ್ದಳು.

"ಗೊತ್ತಿಲ್ಲ ಅಂದೆ."

ಎರಡು ದಿನದ ಹಿಂದೆ ಇದೇ ಬಾಯಿ ನಿಲ್ದಾಣದ ಜನರ ಮುಂದೆಲ್ಲ ನಮ್ಮಮ್ಮ, ನಮ್ಮಮ್ಮ ಎಂದು ಕೂಗಿತ್ತು. ಪ್ರಗತಿ ಬಗ್ಗಿ ಮಗಳ ಬೂಟಿನ ದಾರ ಕಟ್ಟಿದಳು. ಕಟ್ಟುವುದು ಮುಗಿದ ಮೇಲೂ ಎದ್ದೇಳಲಿಲ್ಲ. ಕೂತಲ್ಲಿಂದಲೇ, ಹೊಸ್ತಿಲು ಮುಟ್ಟದೆ, ಒಳಗೆ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ನಾನೇ ಅಕ್ಕ ಬರೆದಿದ್ದು. ಅದನ್ನೂ, ಇದನ್ನೂ."

ಮಿಷನ್ ನಿಂತಿತು. ಮಗಳು ಅಮ್ಮನ ಮುಖ ನೋಡಿದಳು, ಆಮೇಲೆ ಬಾಗಿಲಿನತ್ತ ನೋಡಿದಳು. ದಾರ ಕಡಿದ ಸಣ್ಣ ಸದ್ದಾಯಿತು. ಮತ್ತೆ ಮಿಷನ್ ಶುರುವಾಯಿತು.