ದಡ, ಭಾಗ ಎರಡು

ನಮ್ಮ ಅಪ್ಪಯ್ಯ ಧರ್ಮಪ್ಪ ಮೂವತ್ತೊಂದು ವರ್ಷ ಹೊಳೆಬಾಗಿಲಿನಲ್ಲಿ ಲಾಂಚ್ ನಡೆಸಿದವರು. ಬಸ್ಸು, ಜೀಪು, ಮದುವೆ ದಿಬ್ಬಣ, ತುಂಬು ಬಸುರಿ, ಎಲ್ಲವನ್ನೂ ಎಲ್ಲರನ್ನೂ ಹಿನ್ನೀರಿನ ಈಚೆಯಿಂದ ಆಚೆಗೆ ದಾಟಿಸಿದ್ದರು. ಲಕ್ವ ಹೊಡೆದು ಬಲಗೈ ಸೋತಾಗ ಅವರಿಗೆ ಐವತ್ತೆಂಟು. ಆಮೇಲಿನ ಎರಡು ವರ್ಷ ಅವರನ್ನು ದಾಟಿಸಿದ್ದು ಒಂದು ಕಂಪ್ಯೂಟರ್ ಆಟ.

ಆಟದ ಹೆಸರು ‘ದಡ’. ಯಾರೋ ನಾಲ್ಕು ಜನ ಸೇರಿ ಮಾಡಿದ್ದು. ನೋಡಲು ಏನೇನೂ ಇಲ್ಲ. ನೀಲಿ ಬಳಿದ ಕಡೆ ನೀರು, ಹಸಿರು ಬಳಿದ ಕಡೆ ಕಾಡು, ನಡುವೆ ಬೆಂಕಿಪೊಟ್ಟಣದಂಥ ಒಂದು ಲಾಂಚ್. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ, ಎಂಜಿನ್ನಿಗೊಂದು. ಮೂರನ್ನೂ ಎಡಗೈಯಲ್ಲೇ ಒತ್ತಬಹುದು. ಸಾಗರದ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿಯಾದ ಮೇಲೆ ಅಪ್ಪಯ್ಯ ಅದರ ಮುಂದೆ ಕುಳಿತರೆ ಅವ್ವ ಸೌಟು ಹಿಡಿದು ಬಂದು, “ಇವತ್ತು ಎಷ್ಟು ಟ್ರಿಪ್ಪು?” ಎಂದು ಕೇಳುವುದು ಮನೆಯ ಪದ್ಧತಿಯೇ ಆಗಿಹೋಗಿತ್ತು.

ಆ ಆಟ ಅಪ್ಪಯ್ಯನಿಗೆ ಹಿಡಿಸಿದ್ದಕ್ಕೆ ಒಂದು ಕಾರಣವಿತ್ತು. ಲಾಂಚಿಗೆ ಬಸ್ಸಿನಂತೆ ಬ್ರೇಕ್ ಇಲ್ಲ. ದಡ ಇನ್ನೂ ದೂರವಿರುವಾಗಲೇ ಎಂಜಿನ್ ಬಿಡಬೇಕು, ಅಂದರೆ ನಿಲ್ಲಿಸಬೇಕು, ಉಳಿದದ್ದನ್ನು ನೀರು ನೋಡಿಕೊಳ್ಳುತ್ತದೆ. ಬೇಗ ಬಿಟ್ಟರೆ ನಡುನೀರಲ್ಲಿ ನಿಂತಿರಿ, ತಡವಾಗಿ ಬಿಟ್ಟರೆ ದಡಕ್ಕೆ ಗುದ್ದಿದಿರಿ. ಎಲ್ಲಿ ಬಿಡಬೇಕು ಎನ್ನುವುದೇ ವಿದ್ಯೆ. ಆ ಬೆಂಕಿಪೊಟ್ಟಣವೂ ಹಾಗೆಯೇ ತೇಲಿ ಹೋಗಿ ದಡ ಮುಟ್ಟುತ್ತಿತ್ತು. ಅಪ್ಪಯ್ಯ ಗುಂಡಿಯಿಂದ ಬೆರಳು ಎತ್ತಿ, ಕೈ ಮಡಿಲಲ್ಲಿಟ್ಟು, ಅದು ತಾನಾಗಿ ಸೇರುವುದನ್ನು ನೋಡುತ್ತಿದ್ದರು. ಆಗಿನ ಅವರ ಮುಖ ನನಗೆ ಬೇಕಿತ್ತು.

ನಾನು ಬಿಂದು. ಹೊಸನಗರದ ಒಂದು ಕಾಲೇಜಿನಲ್ಲಿ ಕಾಮರ್ಸ್ ಪಾಠ ಮಾಡುತ್ತೇನೆ. ಪಾಠಕ್ಕಿಂತ ಮಿಮಿಕ್ರಿಯೇ ಚೆಂದ ಎಂದು ಮಕ್ಕಳ ಅಂಬೋಣ. ಪ್ರಿನ್ಸಿಪಾಲರ ಗಂಟಲು, ಬೆಳಗಿನ ಬಸ್ಸಿನ ಕಂಡಕ್ಟರನ ಮೂಗು, ತೀರ್ಥಹಳ್ಳಿ ಅತ್ತೆಯ ನಿಟ್ಟುಸಿರು, ಎಲ್ಲವೂ ನನ್ನ ಬಾಯಲ್ಲೇ ಬಾಡಿಗೆಗಿವೆ. ಆ ಬಾಯಿಯಿಂದಲೇ ನಾನು ಒಂದು ತಪ್ಪು ಮಾಡಿದ್ದೆ.

ಅಪ್ಪಯ್ಯ ಆಸ್ಪತ್ರೆಯಲ್ಲಿದ್ದಾಗ ಊಟ ಬಿಟ್ಟಿದ್ದರು. ನಾನು ವರಾಂಡದಲ್ಲಿ ನಿಂತು ಅವರ ಸಾಹೇಬರ ದನಿಯಲ್ಲಿ ಫೋನ್ ಮಾಡಿದೆ. “ಏನ್ರೀ ಧರ್ಮಪ್ಪ, ನೀವಿಲ್ದೆ ಲಾಂಚು ನೆಟ್ಟಗೆ ಹೋಗ್ತಾ ಇಲ್ಲ ಕಣ್ರೀ. ಬೇಗ ಹುಷಾರಾಗ್ರಿ.” ಅಂದು ಅಪ್ಪಯ್ಯ ಎರಡು ಸಲ ಗಂಜಿ ಕೇಳಿ ಕುಡಿದರು. ತಿಂಗಳ ನಂತರ ಸಾಹೇಬರು ನಿಜವಾಗಿಯೂ ಮನೆಗೆ ಬಂದರು. ಅಪ್ಪಯ್ಯ ಎಡಗೈ ಎದೆಗಿಟ್ಟು, “ಅವತ್ತು ಫೋನ್ ಮಾಡಿದ್ರಲ್ಲ ಸಾರ್, ಅದ್ರಿಂದಲೇ ಎದ್ದು ಕೂತೆ” ಎಂದರು. ಸಾಹೇಬರು, “ಯಾವ ಫೋನು?” ಎಂದರು. ಅಪ್ಪಯ್ಯ ನನ್ನತ್ತ ಒಮ್ಮೆ ನೋಡಿದರು. ಬೈಯಲಿಲ್ಲ. ಅಂದಿನಿಂದ ನಾನು ತಂದ ಒಳ್ಳೆಯ ಸುದ್ದಿಯನ್ನು ನಂಬುವುದನ್ನು ಮಾತ್ರ ಬಿಟ್ಟರು.

ಹಿನ್ನೀರಿಗೆ ಸೇತುವೆಯಾದ ಮೇಲೆ ಅಪ್ಪಯ್ಯನ ಲಾಂಚನ್ನು ಜನ ದಾಟುವ ಬೇರೆ ಕಡವಿಗೆ ಸಾಗಿಸುವುದೆಂದಾಯಿತು. ಅವರ ಕೈಯಲ್ಲೇ ಕಲಿತು ಈಗ ಅದನ್ನು ನಡೆಸುತ್ತಿದ್ದ ದುರ್ಗೇಶ ಒಂದು ಸೋಮವಾರ ಮನೆಗೆ ಬಂದ.

“ಧರ್ಮಪ್ಪಣ್ಣ, ಬರೋ ಭಾನುವಾರ ಕೊನೇ ಸಲ ಆಚೆ ಹೋಗಿ ಬರ್ತೀವಿ. ನೀವು ಬರ್ಬೇಕು. ಸ್ಟಿಯರಿಂಗು ನಿಮ್ ಕೈಗೇ ಕೊಡ್ತೀನಿ.”

“ಈ ಕೈಗಾ?”

“ಎಡಗೈ ಐತಲ್ಲ. ಪಕ್ಕದಲ್ಲೇ ನಾನಿರ್ತೀನಿ ಮಾರಾಯ್ರೆ.”

“ಅಷ್ಟು ಜನದ ಎದ್ರು ದಡಕ್ಕೆ ಗುದ್ದಿದ್ರೆ? ಮೂವತ್ತೊಂದು ವರ್ಷ ಗುದ್ದಿಲ್ಲ ನಾನು.” ಅಪ್ಪಯ್ಯ ನನ್ನ ಕಡೆ ತಿರುಗಿದರು. “ಎರಡನೇ ಆಟ ಈ ವಾರನೇ ಬರ್ತದೆ ಅಂದಿದ್ಯಲ್ಲ? ಅದ್ರಲ್ಲಿ ಖರೆ ಲಾಂಚಿನ ಹಂಗೇ ಚಕ್ರ ಇದ್ಯಂತಲ್ಲ? ಮೂರು ಸಲ ದಡ ಮುಟ್ಟಿಸ್ತೀನಿ. ಮುಟ್ಟಿಸಿದ್ರೆ ಬರ್ತೀನಿ.”

ಗುರುವಾರ ‘ದಡ, ಭಾಗ ಎರಡು’ ಬಂತು. ತೆರೆಯುತ್ತಲೇ ಮೂವರೂ ಪರದೆಯ ಹತ್ತಿರ ಸರಿದೆವು. ನೀರಿನ ಮೇಲೆ ಮಂಜು ಉರುಳುತ್ತಿತ್ತು. ಮುಳುಗಡೆಯಾದ ಕಾಡಿನ ಬೋಳು ಮರಗಳು ನೀರಿನಿಂದ ಕೈ ಎತ್ತಿ ನಿಂತಿದ್ದವು, ಒಂದರ ತುದಿಯಲ್ಲಿ ನೀರುಕಾಗೆ ರೆಕ್ಕೆ ಹರಡಿ ಬಿಸಿಲು ಕಾಯಿಸುತ್ತಿತ್ತು.

“ಅಯ್ಯ ದೇವ್ರೆ, ನಮ್ ಹೊಳೇನೇ!” ಎಂದು ಅವ್ವ ಪರದೆಗೆ ಕೈಮುಗಿಯುವವಳಂತೆ ನಿಂತಳು. ಅಪ್ಪಯ್ಯನ ಕಣ್ಣು ತುಂಬಿತ್ತು. “ಬೆಳಗಿನ ಮೊದಲ ಟ್ರಿಪ್ಪಿನ ಹೊತ್ತು ಇದು” ಎಂದರು ಮೆಲ್ಲಗೆ.

ಆಮೇಲೆ ಅವರು ಆಡಲು ಕುಳಿತರು.

ಈ ಸಲ ಆಟದ ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಎಡ ಹೆಬ್ಬೆರಳಲ್ಲಿ ಚಕ್ರ ತಿರುಗಿಸಬೇಕು, ಬಲ ಹೆಬ್ಬೆರಳಲ್ಲಿ ನೋಟ ತಿರುಗಿಸಬೇಕು, ತೋರುಬೆರಳಲ್ಲಿ ಎಂಜಿನ್ ಹಿಡಿದಿರಬೇಕು. ಅಪ್ಪಯ್ಯ ಬಲಗೈಯ ಬೆರಳುಗಳನ್ನು ಎಡಗೈಯಿಂದ ಎತ್ತಿ ಒಂದೊಂದಾಗಿ ಗುಂಡಿಗಳ ಮೇಲೆ ಕೂರಿಸಿದರು. ಲಾಂಚ್ ಹೊರಟಿತು. ಒಂದಿಷ್ಟು ತಿರುಗಿಸಿದರೆ ಏನೂ ಆಗದು, ಇನ್ನಿಷ್ಟು ತಿರುಗಿಸಿದರೆ ಬಾಲ ತುಳಿಸಿಕೊಂಡ ಎಮ್ಮೆಯಂತೆ ಗರ್ರನೆ ಸುತ್ತುವುದು. ಹೇಗೋ ದಡದ ಹತ್ತಿರ ತಂದರು. ಸರಿಯಾದ ಜಾಗದಲ್ಲಿ, ಮೂವತ್ತೊಂದು ವರ್ಷದ ಜಾಗದಲ್ಲಿ, ಎಂಜಿನ್ ಬಿಟ್ಟು ಕೈಯನ್ನು ಮಡಿಲಲ್ಲಿಟ್ಟರು.

ಲಾಂಚ್ ಇದ್ದಲ್ಲೇ ಗಕ್ಕನೆ ನಿಂತಿತು. ಈ ನೀರಿಗೆ ತೇಲಿಸುವುದೇ ಗೊತ್ತಿರಲಿಲ್ಲ. ಮತ್ತೆ ಎಂಜಿನ್ ಒತ್ತಿದರೆ ಹಾರಿ ಹೋಗಿ ದಡಕ್ಕೆ ಗುದ್ದಿತು. ಪರದೆಯೊಳಗಿನ ಪ್ರಯಾಣಿಕರು ಚೀರಿದರು. ಬಹಳ ಚೆಂದದ ಚೀರಾಟ, ಒಬ್ಬೊಬ್ಬರದು ಒಂದೊಂದು ದನಿ.

ಹನ್ನೊಂದು ಸಲ ಆಡಿದರು. ಹನ್ನೊಂದು ಸಲವೂ ಅದೇ.

“ಇದು ದಡ ಅಲ್ಲ ಅಪ್ಪಯ್ಯ, ದಡ್ಡ. ಲಕ್ವ ಹೊಡ್ದಿರೋದು ಈ ಲಾಂಚಿಗೆ” ಎಂದೆ. ಬೇರೆ ದಿನವಾಗಿದ್ದರೆ ನಗುತ್ತಿದ್ದರು.

“ಕೈ ಹೋಯ್ತು ಬಿಂದು. ಕೈಯಲ್ಲ, ಅಂದಾಜೇ ಹೋಯ್ತು.”

“ಇಲ್ಲ, ಆಟಾನೇ ಸರಿ ಇಲ್ಲ. ಖರೆ ಹೇಳ್ತಿದ್ದೀನಿ.”

ಅಪ್ಪಯ್ಯ ನನ್ನನ್ನು ನೋಡಿದರು. “ಯಾರ ದನೀಲಿ ಹೇಳ್ತಿದ್ದೀಯ ಇದನ್ನ?”

ಅಂದು ಸಂಜೆ ನಾನು ಮೊಬೈಲ್ ಹಿಡಿದು ಅವರ ಪಕ್ಕ ಕುಳಿತೆ. ಆಟ ಕೊಂಡವರೆಲ್ಲ ಬಾಯಿಗೆ ಬಂದಂತೆ ಬೈದಿದ್ದರು. ನೀರು ಚೆನ್ನಾಗಿದೆ, ದೋಣಿ ಮಾತು ಕೇಳುವುದಿಲ್ಲ. ಚಿತ್ರಕ್ಕೆ ನೂರು ಅಂಕ, ಆಟಕ್ಕೆ ಸೊನ್ನೆ. ಹಳೆಯದನ್ನೇ ವಾಪಸ್ ಕೊಡಿ. ನಾನು ಒಂದೊಂದನ್ನೂ ನನ್ನದೇ ಚಪ್ಪಟೆ ದನಿಯಲ್ಲಿ, ಬಣ್ಣ ಹಚ್ಚದೆ ಓದಿದೆ. ಅಪ್ಪಯ್ಯ ಕೊನೆಯವರೆಗೂ ಕೇಳಿಸಿಕೊಂಡರು.

“ಚೆನ್ನಾಗಿ ಬರ್ದಿದ್ದೀಯ” ಎಂದು ತಲೆ ಸವರಿ ಮಲಗಲು ಹೋದರು.

ಶುಕ್ರವಾರ ದುರ್ಗೇಶನನ್ನು ಕರೆಸಿದೆ. ಆಟದ ಬಗ್ಗೆ ಒಂದಕ್ಷರವೂ ಹೇಳದೆ ಕೂರಿಸಿದೆ. ಅವನು ಮೊದಲು ಬೋಳು ಮರಕ್ಕೆ ಗುದ್ದಿದ, ಆಮೇಲೆ ದಡಕ್ಕೆ, ಆಮೇಲೆ ಹಿಮ್ಮುಖವಾಗಿ ಹೋಗಿ ಅದೇ ಮರಕ್ಕೆ.

“ಥೋ, ಎಂತ ದರಿದ್ರ ಇದು! ಬಿಟ್ರೆ ನಿಲ್ತದೆ, ಒತ್ತಿದ್ರೆ ಹಾರ್ತದೆ. ಧರ್ಮಪ್ಪಣ್ಣ, ಇದನ್ನ ಮಾಡ್ದೋರು ಹೊಳೆ ಬಿಡಿ, ಬಚ್ಚಲನ್ನೂ ನೋಡಿಲ್ಲ.”

ನಾನು ಆಸೆಯಿಂದ ಅಪ್ಪಯ್ಯನ ಕಡೆ ತಿರುಗಿದೆ. ಅವರು ನಗುತ್ತಿದ್ದರು, ಮಕ್ಕಳ ನಾಟಕ ನೋಡುವವರಂತೆ. “ಎರಡು ಬಸ್ ಹೊತ್ತ ಲಾಂಚು ತಿರುಗ್ಸೋ ಹುಡುಗ, ಇದನ್ನ ಮರಕ್ಕೆ ಗುದ್ದಿಸ್ತಾನಂತೆ. ಸಾಕು ಬಿಡ್ರೋ. ಇವಳು ಹೇಳಿಕೊಟ್ಟಿದ್ದು, ನೀನು ಮಾಡಿದ್ದು. ನನ್ ಮೇಲೆ ಪ್ರೀತಿ ಇದೆ, ಗೊತ್ತು.”

ದುರ್ಗೇಶ ಆಣೆ ಹಾಕಿದ. ಅವ್ವನೂ ಹೇಳಿದಳು. ಅವಳನ್ನೂ ನಾನೇ ತಯಾರು ಮಾಡಿದ್ದೇನೆಂದು ಅಪ್ಪಯ್ಯ ತಿಳಿದರು. ಎಷ್ಟು ಜನ ನಿಜ ಹೇಳಿದರೋ ಅಷ್ಟು ದೊಡ್ಡದಾಯಿತು ನನ್ನ ಸುಳ್ಳು.

ಭಾನುವಾರ ಅಪ್ಪಯ್ಯ ಅವ್ವನ ಮಾತಿಗೆ ಕಟ್ಟುಬಿದ್ದು ಬಂದರು, ಪ್ರಯಾಣಿಕರಾಗಿ. ಲಾಂಚಿಗೆ ಮಾವಿನೆಲೆ ಕಟ್ಟಿದ್ದರು. ಹಳೆಯ ಪ್ರಯಾಣಿಕರು, ಚಹಾ ಮಾರುತ್ತಿದ್ದ ದುಗ್ಗಪ್ಪ, ಎಲ್ಲರೂ ಇದ್ದರು. ದುರ್ಗೇಶ ಎಲ್ಲರೆದುರು ಚಕ್ರ ಬಿಟ್ಟು ಪಕ್ಕಕ್ಕೆ ಸರಿದು, “ಬನ್ನಿ ಧರ್ಮಪ್ಪಣ್ಣ” ಎಂದ. ದುಗ್ಗಪ್ಪ ಚಪ್ಪಾಳೆ ತಟ್ಟಿದ. ಅಪ್ಪಯ್ಯ ಎರಡೂ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡು, “ನೀನೇ ಹೊಡಿ ಮಾರಾಯ, ನಂಗೆ ಗಾಳಿ ಕುಡೀಬೇಕು” ಎಂದು ಬೆಂಚಿನಲ್ಲಿ ಕುಳಿತರು.

ನೀರು ಆ ಆಟದಲ್ಲಿದ್ದಷ್ಟು ಚೆಂದವಿರಲಿಲ್ಲ. ಕಂದು ಬಣ್ಣ, ಡೀಸೆಲ್ ವಾಸನೆ. ಆಚೆ ದಡ ಹತ್ತಿರವಾಯಿತು. ನಾನು ಅಪ್ಪಯ್ಯನಿಗೆ ತಾಗಿಕೊಂಡೇ ಕುಳಿತಿದ್ದೆ. ಇದ್ದಕ್ಕಿದ್ದಂತೆ ಅವರ ತುಟಿ ಅಲುಗಿತು.

“ಬಿಡು.”

ಎಂಜಿನ್ನಿನ ಸದ್ದಿನಲ್ಲಿ ಅದು ನನ್ನೊಬ್ಬಳಿಗೇ ಕೇಳಿಸಿತು. ದುರ್ಗೇಶ ಯಾರೊಂದಿಗೋ ಮಾತಾಡುತ್ತಿದ್ದವನು ನಾಲ್ಕು ಉಸಿರಿನಷ್ಟು ತಡವಾಗಿ ಎಂಜಿನ್ ಬಿಟ್ಟ. ಲಾಂಚ್ ದಡಕ್ಕೆ ಧಡ್ಡನೆ ಗುದ್ದಿತು. ನಿಂತವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು.

ದುರ್ಗೇಶ ಕೆಂಪಾದ ಮುಖ ಹೊತ್ತು ಓಡಿ ಬಂದ. “ಧರ್ಮಪ್ಪಣ್ಣ, ತಡವಾಯ್ತಲ್ಲ?”

“ಇಲ್ಲಪ್ಪ, ನೀನು ಸರೀ ಜಾಗದಲ್ಲೇ ಬಿಟ್ಟೆ. ನೀರು ಇಳಿದಿದೆ, ಅದ್ಕೆ ತಳ ತಾಗ್ತು” ಎಂದರು ಅಪ್ಪಯ್ಯ. ದುರ್ಗೇಶನ ಮುಖ ಅರಳಿತು. ಅವನು ನಂಬಿದ.

ನಾನು ಅವರ ಶಾಲು ಹಿಡಿದೆ. “ಅಪ್ಪಯ್ಯ, ಈಗ ‘ಬಿಡು’ ಅಂದ್ಯಲ್ಲ, ಅಲ್ಲೇ ಬಿಡ್ಬೇಕಿತ್ತು. ನಿನ್ ಅಂದಾಜು ಎಲ್ಲೂ ಹೋಗಿಲ್ಲ.”

“ಅಂದ್ನಾ? ಕೆಮ್ಮು ಬಂದಿರ್ಬೇಕು.”

ವಾಪಸು ಬರುವಾಗ ಅಪ್ಪಯ್ಯ ನಮ್ಮ ದಡಕ್ಕೆ ಬೆನ್ನು ಹಾಕಿ ಕುಳಿತರು. ಎಂಜಿನ್ ಬಿಡುವ ಜಾಗ ಬಂದದ್ದನ್ನೂ ಹೋದದ್ದನ್ನೂ ಅವರು ನೋಡಲಿಲ್ಲ. ಶಾಲಿನೊಳಗೆ ಎಡಗೈ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.