ಎತ್ತರದಿಂದ ಹೊಯ್ದ ನೀರು

“ದೂರ ನಿಲ್ಲು ಅಂದೆ ಅಲ್ವಾ, ಮುಂಡೆ! ಕಿವಿಗೆ ಎಂತ ಮಣ್ಣು ತುಂಬಿದ್ಯಾ ಬೇಬಿ?”

ಬಾವಿಕಟ್ಟೆಯ ಮೇಲೆ ನಿಂತು ರಮಾಮಣಿಯಮ್ಮ ಬೈಯುತ್ತಿದ್ದರು. ನಾನು ಕೊಡಪಾನವನ್ನು ಕೆಳಗಿಟ್ಟು ಮೂರು ಹೆಜ್ಜೆ ಹಿಂದೆ ಸರಿದಿದ್ದೆ. ಮೂರು ಸಾಲದಂತೆ, ನಾಲ್ಕು ಬೇಕಂತೆ. ನಾಲ್ಕನೆಯದನ್ನೂ ಇಟ್ಟೆ. ಅವರು ತಾಮ್ರದ ಕೊಡವನ್ನು ಎದೆಯ ಮಟ್ಟಕ್ಕೆ ಎತ್ತಿ ಮೇಲಿಂದ ಸುರಿದರು. ಕೆಳಗಿನ ಕೊಡಪಾನದಿಂದ ಸಿಡಿದ ನೀರು ಅವರ ಕೊಡಕ್ಕೆ ತಾಗಬಾರದಲ್ಲ, ಅದಕ್ಕೆ ಅಷ್ಟು ಎತ್ತರ. ಅರ್ಧ ನೀರು ನೆಲಕ್ಕೆ ಹೋಯಿತು, ಉಳಿದ ಅರ್ಧ ನಮ್ಮ ಕೇರಿಯ ಪಾಲು. ಹದಿನೆಂಟು ವರ್ಷಗಳಿಂದ ನಾವು ಕುಡಿದದ್ದು ಆ ಅರ್ಧವನ್ನೇ.

ಬಾವಿ ತೋಡಿದವನು ನನ್ನ ಗಂಡ ಗುರುವ. ನಮ್ಮೂರು ಕಾರ್ಕಳದಿಂದ ಹಿರಿಯಡ್ಕಕ್ಕೆ ಹೋಗುವ ರಸ್ತೆಯ ಬದಿಯಲ್ಲಿ. ಎರಡಾಳುದ್ದ ಮಣ್ಣು ತೆಗೆದರೆ ಕೆಳಗೆಲ್ಲ ಕರಿಬಂಡೆ. ಮದ್ದಿಟ್ಟು ಒಡೆದು, ಸುತ್ತಿಗೆಯಿಂದ ಕುಟ್ಟಿ, ಧೂಳು ಕುಡಿದು ಅವನು ನೀರು ಕಾಣಿಸಿದ. ನೀರು ಕಂಡ ದಿನ ರಮಾಮಣಿಯಮ್ಮನ ಗಂಡ, ಬಾವಿಯ ಯಜಮಾನ ಹಯಗ್ರೀವ ರಾಯರು ಅವನನ್ನು ಮೇಲೆ ಎಳೆಸಿದರು, ಬಾವಿಗೆ ಪುಣ್ಯಾಹ ಮಾಡಿಸಿದರು. ಮರುದಿನದಿಂದ ಅವನು ಆ ಬಾವಿಯ ಹಗ್ಗ ಮುಟ್ಟುವಂತಿರಲಿಲ್ಲ. ಆರು ವರ್ಷ ಕೆಮ್ಮಿ ಕೆಮ್ಮಿ ಸತ್ತ. ಅವನ ಸುತ್ತಿಗೆ ಇನ್ನೂ ನನ್ನ ಗುಡಿಸಲಿನ ಮೂಲೆಯಲ್ಲಿ ಉಂಟು.

ರಾಯರ ಗದ್ದೆಗಳೆಲ್ಲ ಭೂಮಸೂದೆಯಲ್ಲಿ ಒಕ್ಕಲುಗಳ ಕೈಗೆ ಹೋಗಿದ್ದವು. ಬಾವಿ ಉಳಿದಿತ್ತು. ಗದ್ದೆ ಹೋದ ಹೊಟ್ಟೆಯುರಿಯನ್ನೆಲ್ಲ ಅವರು ಬಾವಿಯ ಮೇಲೆ ತೀರಿಸಿಕೊಳ್ಳುತ್ತಿದ್ದರು.

ಆ ದಿನ, ಎಂಬತ್ತಾರನೆಯ ಇಸವಿಯ ಜನವರಿಯಲ್ಲಿ, ನನ್ನ ಕೊಡಪಾನ ತುಂಬುವುದನ್ನು ನೋಡುತ್ತಾ ಅಂಗಳದಲ್ಲಿ ಒಬ್ಬರು ನಿಂತಿದ್ದರು. ಪಡುಬಿದ್ರಿಯ ಲೊರ್ನಾ ಮೇಡಂ. ಕಾಲೇಜಿನಲ್ಲಿ ಪಾಠ ಮಾಡುವವರು. ಬಂಡೆಯ ಊರುಗಳ ಬಾವಿ ನೀರು ಪರೀಕ್ಷೆ ಮಾಡುತ್ತಾ ಬಂದಿದ್ದರು. ಅವರ ಕೆಲಸ ವಿಚಿತ್ರ. ಕೊಡವನ್ನು ಅಲುಗಿಸದೆ ಸೇದಿಸಿ, ಅದರೊಳಗೆ ಬಾಟಲಿ ಮುಳುಗಿಸಿ, ನೀರಿನ ಅಡಿಯಲ್ಲಿಯೇ ಬಿರಡೆ ಹಾಕಿದರು. ಒಂದು ಗುಳ್ಳೆಯೂ ಇರಬಾರದಂತೆ.

“ನೋಡಿ ಮೇಡಂ,” ಎಂದರು ರಾಯರು ಜಗಲಿಯಿಂದ. “ನೀರಲ್ಲಿ ಇವರ ಕೊಳೆ ಎಷ್ಟುಂಟು ಅಂತ ಬರೆದು ಕೊಡಿ. ಇವರನ್ನು ನಿಲ್ಲಿಸ್ಲಿಕ್ಕೆ ನನಗೊಂದು ಕಾಗದ ಬೇಕು.”

ಮೇಡಂ ನನ್ನ ಕೊಡಪಾನದಿಂದಲೂ ಒಂದು ಬಾಟಲಿ ತುಂಬಿಕೊಂಡರು. ಆಮೇಲೆ ರಾಯರ ದೇವರ ಕೋಣೆಯಲ್ಲಿ ಇಡಲು ಒಂದು ಸಣ್ಣ ಡಬ್ಬಿ ಕೊಟ್ಟರು, ಅಲ್ಲಿಯ ಗಾಳಿ ಪರೀಕ್ಷೆಗಂತೆ. ಆ ಕೋಣೆಯ ಹಿಂಗೋಡೆಯೇ ಬಂಡೆ; ಕಿಟಕಿ ಇಲ್ಲ. ಕ್ರಿಸ್ತುವರು ಒಳಗೆ ಹೋಗಬಾರದೆಂದು ರಮಾಮಣಿಯಮ್ಮನೇ ಡಬ್ಬಿಯನ್ನು ಒಯ್ದು ಇಟ್ಟರು. ಮಾರ್ಚಿನಲ್ಲಿ ಯಾರೋ ಬಂದು ಅದನ್ನು ತೆಗೆದುಕೊಂಡು ಹೋದರು.

ಎಪ್ರಿಲಿನಲ್ಲಿ ಅಂಚೆಯವನು ಲಕೋಟೆ ತಂದ. ಮರುದಿನ ಗೇಟಿಗೆ ಬೀಗ.

ನಾವು ಹನ್ನೊಂದು ಹೆಂಗಸರು ಕೊಡಪಾನ ಹಿಡಿದು ಹೊರಗೆ ನಿಂತೆವು. ರಾಯರು ಕಾಗದ ಎತ್ತಿ ಆಡಿಸಿದರು.

“ಬಂತು ರಿಪೋರ್ಟು! ನೀರು ಕೆಟ್ಟಿದೆ ಅಂತ ಬರೆದಿದ್ದಾರೆ. ಯಾರಿಂದ? ನಿಮ್ಮಿಂದ, ಬೇವರ್ಸಿಗಳೆ!”

“ಒಡೆಯರೆ, ನಾವು ಹಗ್ಗ ಮುಟ್ಟಲಿಲ್ಲ, ಕಟ್ಟೆ ಹತ್ತಲಿಲ್ಲ. ಮತ್ತೆ ಹೇಗೆ ಕೆಡ್ತದೆ?” ಎಂದೆ.

“ಇಂಗ್ಲಿಷಲ್ಲಿ ಉಂಟು. ಓದ್ಲಿಕ್ಕೆ ಬರ್ತದಾ ನಿಂಗೆ? ಬಂದ್ರೆ ಓದು.”

ಕಾಗದವನ್ನು ನನ್ನ ಮುಖದ ಮುಂದೆ ಹಿಡಿದರು. ಇರುವೆ ಸಾಲಿನ ಹಾಗೆ ಅಕ್ಷರ. ನನಗೆ ಕನ್ನಡ ಅಕ್ಷರವೇ ಬಾರದು. ನಾನು ತಲೆ ತಗ್ಗಿಸಿದೆ, ಥೂ, ತಗ್ಗಿಸಿದೆ. ಈಗ ನೆನೆದರೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಉಳಿದದ್ದು ಕಲ್ಲುಕೋರೆಯ ಹೊಂಡ. ಅದರಲ್ಲಿ ಲಾರಿ ತೊಳೆಯುತ್ತಿದ್ದರು, ಎಮ್ಮೆಗಳು ಬಿದ್ದುಕೊಳ್ಳುತ್ತಿದ್ದವು. ಬಟ್ಟೆಯಲ್ಲಿ ಸೋಸಿ ಕುಡಿದೆವು. ನನ್ನ ಮಗಳು ಪಂಕಜಾ ಎಂಟು ತಿಂಗಳ ಬಸುರಿ, ಹೆರಿಗೆಗೆಂದು ನನ್ನ ಬಳಿ ಬಂದಿದ್ದವಳು. ಹತ್ತನೆಯ ದಿನಕ್ಕೆ ಅವಳಿಗೆ ವಾಂತಿ, ಭೇದಿ ಶುರುವಾಯಿತು. ನಾನು ಓಡಿ ಹೋಗಿ ಗೇಟು ಬಡಿದೆ.

“ಅಮ್ಮಾ, ಒಂದು ಕೊಡ ಕೊಡಿ. ಮಗಳಿಗೆ ಕುಡಿಸ್ಲಿಕ್ಕೆ. ಎಷ್ಟು ದೂರ ಬೇಕಾದ್ರೂ ನಿಲ್ತೇನೆ.”

ರಮಾಮಣಿಯಮ್ಮ ಬಾಗಿಲಿನವರೆಗೆ ಬಂದರು. ಒಳಗಿನಿಂದ ರಾಯರು ಕೆಮ್ಮಿದರು. ಅಮ್ಮ ಹಿಂದಿರುಗಿ ಹೋದರು.

ಎರಡು ದಿನ ಕಳೆದು ಪಂಕಜಾ ಹೆತ್ತಳು. ಗಂಡುಮಗು, ಅಳಲಿಲ್ಲ. ಅದನ್ನು ತೊಳೆಯಲೂ ನನ್ನ ಬಳಿ ಇದ್ದದ್ದು ಆ ಹೊಂಡದ ಕಂದು ನೀರು. ಅದರಲ್ಲೇ ತೊಳೆದೆ. ಅದರಲ್ಲೇ ತೊಳೆದು ಮಣ್ಣಿಗೆ ಇಟ್ಟೆ.

ಅದಾಗಿ ಒಂದು ವಾರಕ್ಕೆ ಸೌದೆಗೆಂದು ರಾಯರ ಬೇಲಿಯ ಬದಿಯಲ್ಲಿ ಹೋಗುತ್ತಿದ್ದೆ. ನೀರು ಬೀಳುವ ಸದ್ದು ಕೇಳಿಸಿತು. ಆ ಸದ್ದು ನನಗೆ ಗೊತ್ತು. ಹದಿನೆಂಟು ವರ್ಷ ಕೇಳಿದ್ದೇನೆ. ಯಾರಿಗೆ ಹೊಯ್ಯುತ್ತಿದ್ದಾರೆ ಎಂದು ಬೇಲಿಯ ಸಂದಿಯಿಂದ ಇಣುಕಿದೆ. ರಮಾಮಣಿಯಮ್ಮ ಕಟ್ಟೆಯ ಮೇಲೆ, ಕೈಯಲ್ಲಿ ತಾಮ್ರದ ಕೊಡ. ಕೆಳಗೆ ಇದ್ದದ್ದು ಅವರದೇ ಅಡುಗೆಮನೆಯ ಹಂಡೆ. ಮೇಲಿಂದ ಸುರಿದರು. ಇಳಿದು ಬಂದು ಹಂಡೆಯಿಂದ ಕೊಡಕ್ಕೆ ತುಂಬಿಸಿ, ಪುನಃ ಮೇಲೆ ಹತ್ತಿ ಪುನಃ ಸುರಿದರು.

ಇವರಿಗೆ ಇವರೇ ಯಾವಾಗ ಹೊಲೆಯರಾದರು? ನನಗೆ ತಲೆಬುಡ ತಿಳಿಯಲಿಲ್ಲ.

ಮಳೆಗಾಲಕ್ಕೆ ಮೊದಲು ಇನ್ನೊಮ್ಮೆ ಪರೀಕ್ಷೆ ಮಾಡಬೇಕೆಂದು ಮರುದಿನ ಬೆಳಿಗ್ಗೆ ಲೊರ್ನಾ ಮೇಡಂ ಬಾಟಲಿ ಪೆಟ್ಟಿಗೆ ಹಿಡಿದು ಬಸ್ಸಿಳಿದರು. ನಾನು ರಸ್ತೆಯಲ್ಲೇ ಅಡ್ಡ ನಿಂತೆ.

“ನಮ್ಮಿಂದ ನೀರು ಕೆಟ್ಟಿದೆ ಅಂತ ಬರೆದದ್ದು ನೀವಾ?”

“ಯಾರು ಹೇಳಿದ್ದು? ಕೊಳೆ ಇಲ್ಲವೇ ಇಲ್ಲ, ಬೇಬಿಯಕ್ಕ. ಬಂಡೆಯಿಂದ ಒಂದು ಗಾಳಿ ಬರ್ತದೆ, ರೇಡಾನ್ ಅಂತ. ಬಣ್ಣ ಇಲ್ಲ, ವಾಸನೆ ಇಲ್ಲ. ನೀರಲ್ಲಿ ಸೇರಿ ಬರ್ತದೆ, ನೆಲದ ಬಿರುಕಿಂದಲೂ ಬರ್ತದೆ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡ್ರೆ, ವರ್ಷಗಟ್ಟಲೆ ಉಸಿರಾಡಿದ್ರೆ, ಶ್ವಾಸಕೋಶಕ್ಕೆ ಕೆಟ್ಟದು. ನೀರನ್ನು ಎತ್ತರದಿಂದ ಸುರಿದ್ರೆ ಹೆಚ್ಚಿನದು ಹಾರಿ ಹೋಗ್ತದೆ, ಹಾಗೆ ಸುರಿದೇ ಬಳಸಿ ಅಂತ ಬರೆದದ್ದು ನಾನು. ಇವರು ಸೇದಿದ ಕೊಡದ ನೀರಲ್ಲಿ ತುಂಬ ಇತ್ತು. ನಿಮ್ಮ ಕೊಡಪಾನದಲ್ಲಿ ಎಲ್ಲಕ್ಕಿಂತ ಕಡಿಮೆ.”

ನನಗೆ ನಗು ಬಂತು.

“ಇದನ್ನು ನಮಗೆ ಯಾಕೆ ಹೇಳಲಿಲ್ಲ?”

“ವರದಿ ಬಾವಿಯ ಯಜಮಾನರಿಗೆ ಕೊಡುವುದು ಕ್ರಮ...”

“ಕುಡಿಯುವವರಿಗೆ ಕೊಡುವ ಕ್ರಮ ಇಲ್ವಾ ನಿಮ್ಮ ಕಾಲೇಜಲ್ಲಿ? ನನ್ನ ಮೊಮ್ಮಗ ಸತ್ತಿದ್ದಾನೆ ಮೇಡಂ. ನಿಮ್ಮ ಕಾಗದ ತೋರಿಸಿಯೇ ಬೀಗ ಹಾಕಿದ್ದು.”

ಅವರು ಪೆಟ್ಟಿಗೆಯನ್ನು ನೆಲಕ್ಕಿಟ್ಟರು. ಮೆಲ್ಲಗೆ ಹೇಳಿದರು: “ದೇವರ ಕೋಣೆಯ ಗಾಳಿ ಎಲ್ಲಕ್ಕಿಂತ ಕೆಟ್ಟದು. ಪಡುಗೋಡೆ ಒಡೆದು ಕಿಟಕಿ ಇಡಿ ಅಂತ ಬರೆದಿದ್ದೆ. ಆಗುವುದಿಲ್ಲ ಅಂತ ಉತ್ತರ ಬಂತು. ಆ ಕಡೆ ನಿಮ್ಮ ಕೇರಿ ಉಂಟಂತೆ. ನಿಮ್ಮ ಗಾಳಿ ದೇವರಿಗೆ ತಾಗ್ತದಂತೆ.”

ನಾನು ಗುಡಿಸಲಿಗೆ ಹೋಗಿ ಗುರುವನ ಸುತ್ತಿಗೆ ತೆಗೆದುಕೊಂಡೆ. ಕೇರಿಯ ಹೆಂಗಸರನ್ನು ಕರೆಯಬೇಕಾಗಲಿಲ್ಲ; ಸುತ್ತಿಗೆ ನೋಡಿ ಅವರೇ ಕೊಡಪಾನ ಎತ್ತಿಕೊಂಡು ಬಂದರು. ಪಂಕಜಾ ಗೋಡೆ ಹಿಡಿದುಕೊಂಡು ಎದ್ದಳು. ಬೇಡ ಎಂದರೂ ಕೇಳಲಿಲ್ಲ.

ಬೀಗ ಮೂರು ಏಟಿಗೆ ಬಿತ್ತು. ಬಂಡೆ ಒಡೆದ ಸುತ್ತಿಗೆ ಅದು.

“ಪೊಲೀಸರನ್ನು ಕರೀತೇನೆ! ಏ, ಮುಟ್ಬೇಡಿ! ಕಟ್ಟೆ ಹತ್ಬೇಡ, ಹಲ್ಕಟ್ ರಂಡೆ!” ರಾಯರು ಮಡಿಯಲ್ಲಿ, ಪೂಜೆಗೆ ಹೊರಟವರು, ಜಗಲಿಯಲ್ಲಿ ಕುಣಿದಾಡುತ್ತಿದ್ದರು. ನಾನು ಕಟ್ಟೆ ಹತ್ತಿ ಹಗ್ಗ ಹಿಡಿದೆ. ಗುರುವ ಸಾಯುವವರೆಗೆ ಮುಟ್ಟಲಾಗದ ಹಗ್ಗ. ಹೆಂಗಸರು ಅಂಗಳವೆಲ್ಲ ತುಂಬಿಕೊಂಡರು. ಮೈಲಿಗೆಯಾದೀತೆಂದು ರಾಯರು ಹಿಂದೆ ಹಿಂದೆ ಸರಿದು, ದೇವರ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ಒಳಗಿನ ಚಿಲಕ ಬಿದ್ದ ಸದ್ದು ಎಲ್ಲರಿಗೂ ಕೇಳಿಸಿತು.

“ಅಯ್ಯೋ, ಆ ಕೋಣೆ ಬೇಡ! ಬಾಗಿಲು ತೆಗೀರಿ ರಾಯರೆ!” ನಮ್ಮ ಹಿಂದೆಯೇ ಬಂದಿದ್ದ ಲೊರ್ನಾ ಮೇಡಂ ಮೆಟ್ಟಿಲಿನತ್ತ ಓಡಿದರು.

“ಬಿಡಿ ಮೇಡಂ,” ಎಂದೆ. “ಅವರ ಬಾಗಿಲು, ಅವರ ಗಾಳಿ. ಹಾಕಿಕೊಳ್ಳಲಿ. ದಿನಾ ಹಾಕಿಕೊಳ್ಳಲಿ.”

ಮೊದಲ ಕೊಡವನ್ನು ಪಂಕಜಾಳ ಕೊಡಪಾನಕ್ಕೆ ಸುರಿದೆ. ಅವಳು ಬೊಗಸೆಯೊಡ್ಡಿ ಅಲ್ಲೇ ಕುಡಿದಳು. ಹೆಂಗಸರಿಗೆಲ್ಲ ಸೇದಿ ಸೇದಿ ಕೊಟ್ಟೆ. ಕೊನೆಗೆ ನೋಡಿದರೆ ರಮಾಮಣಿಯಮ್ಮ ಹಂಡೆ ಹಿಡಿದು ಕೆಳಗೆ ನಿಂತಿದ್ದರು. ಕಟ್ಟೆ ಹತ್ತಲು ಜಾಗವಿಲ್ಲ, ಹಗ್ಗ ನನ್ನ ಕೈಯಲ್ಲಿ. ಒಳಗೆ ರಾಯರ ಪೂಜೆಯ ಗಂಟೆ ಒಂದೇ ಸಮನೆ ಬಡಿಯುತ್ತಿತ್ತು.

“ಅಡುಗೆಗೆ ನೀರಿಲ್ಲ ಬೇಬಿ,” ಎಂದರು ಅವರು, ನನ್ನ ಮುಖ ನೋಡದೆ.

ಅವರದೇ ತಾಮ್ರದ ಕೊಡವನ್ನು ಸೇದಿದೆ, ಎರಡೂ ಕೈಯಲ್ಲಿ ತಲೆಗಿಂತ ಮೇಲೆ ಎತ್ತಿದೆ. ನನ್ನ ಮಗಳ ಕೊಡಪಾನದ ಪಕ್ಕದಲ್ಲೇ ಅವರ ಹಂಡೆ ಇತ್ತು.

“ಹಂಡೆ ಅಲ್ಲಿಯೇ ಇರಲಿ, ಅಮ್ಮ,” ಎಂದೆ. “ನೀವು ದೂರ ನಿಲ್ಲಿ. ಇನ್ನೂ ದೂರ. ನಾಲ್ಕು ಹೆಜ್ಜೆ.”

ಅವರು ಸರಿದರು. ನಾನು ಎಣಿಸಿದೆ.