ತಣ್ಣಗಿದ್ದ ಡಾಂಬರು

ಅಣ್ಣ ನನ್ನ ಪ್ರಯೋಗಾಲಯಕ್ಕೆ ಕಾಲಿಟ್ಟವನೇ ಅಲ್ಲ. ಇವತ್ತು ಬೆಳ್ಳಂಬೆಳಿಗ್ಗೆ ಟೀ ಫ್ಲಾಸ್ಕ್ ಹಿಡಿದು ಬಂದು, ಕುರ್ಚಿ ಎಳೆದು ಕೂತಾಗಲೇ ನನಗೆ ಹೊಳೆಯಬೇಕಿತ್ತು. ಎಲ್ಲಿಂದ ಹೊಳೆಯಬೇಕು? ಅಪ್ಪ ಹೋದ ಮೇಲೆ ನನ್ನನ್ನು ಓದಿಸಿ ಈ ಕೆಲಸಕ್ಕೆ ಸೇರಿಸಿದವನು ಅವನು.

ಸೇತುವೆಯ ಇಳಿಜಾರಿಗೆ ಡಾಂಬರು ಹಾಕಿಸಿದ ಮೇಸ್ತ್ರಿಯೂ ಅವನೇ. ಆ ರಸ್ತೆಯಿಂದ ಕತ್ತರಿಸಿ ತಂದ ಎರಡು ಡಾಂಬರಿನ ಹಲಗೆಗಳು ನನ್ನ ಮೇಜಿನ ಮೇಲಿದ್ದವು. ಒಂದನ್ನು ಬಿಸಿ ಪೆಟ್ಟಿಗೆಯಲ್ಲಿಟ್ಟು, ಬೇಸಿಗೆಯ ರಸ್ತೆಯಂತೆ ಅರವತ್ತು ಡಿಗ್ರಿಗೆ ಕಾಯಿಸಿ, ಮೇಲೆ ಭಾರದ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಓಡಿಸುವುದು ನನ್ನ ಕೆಲಸ. ಚಕ್ರದ ಜಾಡು ಆಳವಾಗಿ ಬಿದ್ದರೆ ರಸ್ತೆ ಕಿತ್ತುಹಾಕಬೇಕು. ಅಣ್ಣನ ಕೆಲಸವೂ ಹೋಗುತ್ತದೆ. ಅದು ಇಬ್ಬರಿಗೂ ಗೊತ್ತಿತ್ತು.

"ಕಾಯೋಕೆ ಅರ್ಧ ದಿನ ಬೇಕಲ್ವಾ? ಪಕ್ಕದ ರೂಮಿನ ಕೆಲಸ ಮುಗಿಸ್ಕೋ ಹೋಗು. ನಾನು ನೋಡ್ಕೋತೀನಿ," ಎಂದ.

ಹೋದೆ. ಆಗಾಗ ಬಂದು ಇಣುಕಿದಾಗಲೆಲ್ಲ ಮೀಟರು ಅರವತ್ತರ ಆಸುಪಾಸಿನಲ್ಲೇ ಇತ್ತು. ಮಧ್ಯಾಹ್ನ ಚಕ್ರ ಓಡಿಸಿದೆ. ಜಾಡು ಬಿದ್ದೂ ಬೀಳದಂತಿತ್ತು. "ಗೆದ್ದೆ ಕಣೋ ಅಣ್ಣ!" ಎಂದು ಕೂಗಿಯೇಬಿಟ್ಟೆ. ಆ ಖುಷಿಯಲ್ಲಿ ಕೈಗವಸು ಹಾಕುವುದನ್ನೂ ಮರೆತು ಹಲಗೆಗೆ ಕೈ ಹಾಕಿದೆ.

ಕೈ ಸುಡಲಿಲ್ಲ.

ಕಾದ ಹೆಂಚಿನಂತಿರಬೇಕಾದ ಡಾಂಬರು ತಣ್ಣಗಿತ್ತು. ಪೆಟ್ಟಿಗೆಯೊಳಗಿನ ಬಿಸಿ ಅಳೆಯಬೇಕಾದ ಮೀಟರಿನ ತಂತಿ ಎಳೆದು ನೋಡಿದೆ, ತುದಿ ಅಂಟಂಟು. ಮೂಸಿದೆ. ಟೀ! ಪೆಟ್ಟಿಗೆಯ ಹಿಂದೆ ಫ್ಲಾಸ್ಕ್ ಇಟ್ಟು, ತಂತಿಯನ್ನು ಅದರೊಳಗೆ ಇಳಿಬಿಟ್ಟು ಕೂತಿದ್ದಾನೆ ಪುಣ್ಯಾತ್ಮ! ಮೀಟರು ತೋರಿಸಿದ್ದು ಟೀಯ ಬಿಸಿ. ಪೆಟ್ಟಿಗೆ ಕಾದಾಯಿತೆಂದು ಹೀಟರು ತಾನಾಗಿ ಆರಿದೆ. ತಣ್ಣಗಿದ್ದಾಗ ಎಂಥ ಡಾಂಬರೂ ಕಲ್ಲೇ.

"ಏನೋ ಇದು?"

ಅವನು ತಲೆ ತಗ್ಗಿಸಿದ. "ಒಂದ್ಸಲ ಕಣ್ಮುಚ್ಚಿ ಪಾಸ್ ಮಾಡಮ್ಮ. ಈ ವಯಸ್ಸಲ್ಲಿ ನಂಗೆ ಬೇರೆ ಯಾರು ಕೆಲಸ ಕೊಡ್ತಾರೆ?"

"ಬಸ್ಸುಗಳು ಬ್ರೇಕ್ ಹಾಕೋ ಇಳಿಜಾರು ಅದು! ಜಾಡಲ್ಲಿ ನೀರು ನಿಂತು ಯಾರಾದ್ರೂ ಬೈಕಿಂದ ಜಾರಿ ಬಿದ್ರೆ? ನನ್ನನ್ನೇ ಕೇಳ್ಬಹುದಿತ್ತಲ್ಲೋ. ಬೈತಿದ್ದೆ, ಅಳ್ತಿದ್ದೆ, ಆಗಲ್ಲ ಅಂತಿದ್ದೆ. ಮೋಸ ಯಾಕೋ ಮಾಡ್ದೆ? ಅದೂ ನನ್ ಹತ್ರ?"

"ನೀನು ಅಂತಾನೇ ಮಾಡಿದ್ದು ಕಣೇ. ಬೇರೆಯವರಾಗಿದ್ರೆ ಧೈರ್ಯ ಬರ್ತಿರ್ಲಿಲ್ಲ. ನೀನು ನನ್ ಮೇಲೆ ಅನುಮಾನ ಪಡಲ್ಲ ಅಂತ ಗೊತ್ತಿತ್ತು."

ನಂಬಿಸಿ ಕತ್ತು ಕೊಯ್ಯೋದು ಅಂತಾರಲ್ಲ, ಇವನಿಗೆ ನಂಬಿಸುವ ಕಷ್ಟವೂ ಇರಲಿಲ್ಲ. ಅದನ್ನು ನಾನೇ ಚಿಕ್ಕಂದಿನಿಂದ ಮಾಡಿಟ್ಟಿದ್ದೆ. ಕೆನ್ನೆಗೆ ಬಾರಿಸಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ತಂತಿ ಒರೆಸಿ, ಎರಡನೆಯ ಹಲಗೆಯನ್ನು ಪೆಟ್ಟಿಗೆಯಲ್ಲಿಟ್ಟು ಹೀಟರು ಹಾಕಿದೆ. ಅಣ್ಣ ಮತ್ತೆ ಕುರ್ಚಿಯ ಕಡೆ ಸರಿದ.

"ಮನೆಗೆ ಹೋಗು," ಎಂದು ಫ್ಲಾಸ್ಕನ್ನು ಅವನ ಕೈಗಿಟ್ಟೆ. "ನಾನು ನೋಡ್ಕೋತೀನಿ."

ಅವನು ಹೊರಗೆ ಹೋದ ಮೇಲೆ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಂಡೆ. ಅಣ್ಣ ಬಂದುಬಿಟ್ಟಾನು ಎಂದು ನಾನು ಚಿಲಕ ಹಾಕಿದ್ದು ಅದೇ ಮೊದಲು.